ಹಳದಿ ಅಂಚಿನ ಯುಕ್ಕಾಗೆ ಹಸಿರು ಮರಿ ಬಂದಿದೆ: ಕಿತ್ತು ಹಾಕಬೇಕೇ, ಉಳಿಸಬಹುದೇ?

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ತಂದ ಹಳದಿ ಅಂಚಿನ ಯುಕ್ಕಾ ನಮ್ಮಲ್ಲಿದೆ. ಮೊದಲ ವರ್ಷ ಕುಂಡದಲ್ಲಿತ್ತು, ಆಮೇಲೆ ನೆಲಕ್ಕೆ ಹಾಕಿದೆವು. ಎಲೆ ಹೆಚ್ಚುಕಡಿಮೆ 50 ಸೆಂ.ಮೀ. ಉದ್ದ, ಬಿರುಸಾಗಿದೆ, ಅಂಚು ನಯ, ತುದಿಯಲ್ಲಿ ಮುಳ್ಳು. ಗೇಣುದ್ದದ ಕಾಂಡ ಬಂದಿದೆ. ಈ ವರ್ಷ ಬುಡದಲ್ಲಿ ಎರಡು ಮರಿ ಎದ್ದಿವೆ. ಒಂದು ಪೂರ್ತಿ ಹಸಿರು, ಆಗಲೇ ತಾಯಿಗಿಡದ ಅರ್ಧದಷ್ಟಾಗಿದೆ. ಇನ್ನೊಂದು ಪೂರ್ತಿ ಕೆನೆಬಣ್ಣ, ಬೆಳವಣಿಗೆಯೇ ಇಲ್ಲ. ತಾಯಿಗಿಡದ ಎಲೆಗಳ ತುದಿ ಕಂದಾಗಿದೆ, ಕೆಳಗಿನ ಎಲೆ ಒಣಗಿ ಜೋತುಬಿದ್ದಿವೆ, ಕೆಲವು ಎಲೆಗಳ ಮೇಲೆ ಉಂಗುರದಂಥ ಮಚ್ಚೆಗಳಿವೆ. ಮಣ್ಣು ಅಂಟುಮಣ್ಣು. ಪಕ್ಕದ ಹುಲ್ಲುಹಾಸಿಗೆ ದಿನವೂ ಸ್ಪ್ರಿಂಕ್ಲರ್ ಓಡುತ್ತದೆ, ಗಿಡಕ್ಕೂ ಅದೇ ನೀರು. ಕಾಲುದಾರಿಯಿಂದ 40 ಸೆಂ.ಮೀ. ದೂರದಲ್ಲಿದೆ. ಮನೆಯಲ್ಲಿ ಐದು ವರ್ಷದ ಮಗು, ಒಂದು ನಾಯಿಮರಿ ಇವೆ. ಹಳದಿ ಅಂಚು ವೈರಸ್ ರೋಗ, ಬೇರೆ ಗಿಡಗಳಿಗೂ ಹರಡುತ್ತದೆ ಎನ್ನುತ್ತಾರೆ ಒಬ್ಬರು. ಎಪ್ಸಮ್ ಉಪ್ಪು ಹಾಕಿದರೆ ಹಸಿರು ಮರಿಗೂ ಹಳದಿ ಬರುತ್ತದೆ ಎಂದು ಇನ್ನೊಬ್ಬರು. ಹೂ ಬಿಟ್ಟರೆ ಗಿಡ ಸಾಯುತ್ತದೆ ಎಂದು ಮತ್ತೊಬ್ಬರು. ಏನು ಮಾಡಲಿ?

ಉತ್ತರ: ಗಿಡವನ್ನು ಕೀಳಬೇಡಿ. ನೀವು ಒಂದೇ ತೊಂದರೆ ಎಂದುಕೊಂಡಿರುವುದು ನಿಜಕ್ಕೂ ಮೂರು ಬೇರೆ ಬೇರೆ ವಿಷಯ. ಹಸಿರು ಮರಿ ಬಂದಿರುವುದು ಗಿಡದ ಹುಟ್ಟುಗುಣ. ಎಲೆ ಕಂದಾಗಿರುವುದು ನೀರಿನಿಂದ. ಮಗು ಮತ್ತು ನಾಯಿಮರಿಯ ಚಿಂತೆಗೆ ಕಾರಣ ಗಿಡ ನಿಂತ ಜಾಗ. ಮೊದಲನೆಯದಕ್ಕೆ ಕತ್ತಿ ಸಾಕು. ಉಳಿದೆರಡಕ್ಕೂ ಮದ್ದು ಒಂದೇ, ಗಿಡವನ್ನು ಅಲ್ಲಿಂದ ಎತ್ತುವುದು.

ಮೊದಲು ಇದು ಯಾವ ಯುಕ್ಕಾ ಎಂದು ಗೊತ್ತುಮಾಡಿಕೊಳ್ಳೋಣ, ಏಕೆಂದರೆ ಮುಂದಿನ ಸಲಹೆಯೆಲ್ಲ ಅದರ ಮೇಲೆ ನಿಂತಿದೆ. ನಿಮ್ಮ ವಿವರಣೆ ಯುಕ್ಕಾ ಗ್ಲೋರಿಯೋಸಾದ ‘ವೇರಿಗೇಟಾ’ ತಳಿಗೆ ಹೊಂದುತ್ತದೆ: ಬಿರುಸು ಎಲೆ, ನಯವಾದ ಅಂಚು, ಚೂಪು ತುದಿ, ನಿಧಾನವಾಗಿ ಏಳುವ ಕಾಂಡ. ಎಲೆಯಂಚಿನಲ್ಲಿ ಬಿಳಿ ನೂಲಿನಂಥ ಎಳೆಗಳು ಸುರುಳಿಸುತ್ತಿಕೊಂಡಿದ್ದು, ಕಾಂಡವೇ ಇಲ್ಲದೆ ನೆಲಮಟ್ಟದಲ್ಲಿ ಗುಂಪಾಗಿದ್ದರೆ ಅದು ಯುಕ್ಕಾ ಫಿಲಮೆಂಟೋಸಾ. ‘ಬ್ರೈಟ್ ಎಡ್ಜ್’, ‘ಕಲರ್ ಗಾರ್ಡ್’ ಎಂದು ಮಾರುವ ಗಿಡಗಳು ಈ ಜಾತಿಯವು. ಎಲೆಯಂಚನ್ನು ಬೆರಳಿಂದ ಮೆಲ್ಲಗೆ ಸವರಿದಾಗ ಸಣ್ಣ ಗರಗಸದಂತೆ ತರಿತರಿಯಾಗಿದ್ದರೆ ಯುಕ್ಕಾ ಅಲೋಯ್‌ಫೋಲಿಯಾ. ಇದರ ತುದಿ ಎಲ್ಲಕ್ಕಿಂತ ಅಪಾಯಕಾರಿ. ಎಲೆ ಮೆತ್ತಗಿದ್ದು ತುದಿ ಚುಚ್ಚದಿದ್ದರೆ ಯುಕ್ಕಾ ಜೈಗಾಂಟಿಯಾ. ಮನೆಯೊಳಗೆ ಕುಂಡದಲ್ಲಿ ಸಾಕುವ, ದಪ್ಪ ಬುಡದ ಯುಕ್ಕಾ ಇದೇ.

ಹಳದಿ ಅಂಚು ರೋಗವೇ?

ಅಲ್ಲ. ಕೆಲವು ಗಿಡಗಳಲ್ಲಿ ವೈರಸ್‌ನಿಂದಲೂ ಎಲೆಗೆ ಬಣ್ಣದ ಮಚ್ಚೆ ಬರುವುದುಂಟು, ಆದರೆ ಅದು ಅಡ್ಡಾದಿಡ್ಡಿಯಾಗಿ, ಎಲೆಯಿಂದ ಎಲೆಗೆ ಬೇರೆ ಬೇರೆ ರೀತಿಯಲ್ಲಿ ಇರುತ್ತದೆ. ನಿಮ್ಮ ಗಿಡದಲ್ಲಿ ಪ್ರತಿ ಎಲೆಯಲ್ಲೂ ಎರಡೂ ಅಂಚಿಗೆ ಕೊರೆದಂತೆ ಒಂದೇ ಬಗೆಯ ಪಟ್ಟೆ ಇದೆ. ಇದು ಪಕ್ಕದ ಗಿಡಕ್ಕೆ ಹರಡುವಂಥದ್ದಲ್ಲ. ಒಂದೇ ಕತ್ತರಿಯಿಂದ ಕತ್ತರಿಸಿದರೂ ಹರಡುವುದಿಲ್ಲ.

ಹಾಗಾದರೆ ಈ ಪಟ್ಟೆ ಎಲ್ಲಿಂದ ಬಂತು? ಗಿಡದ ಸುಳಿಯ ನಡುವೆ ಹೊಸ ಎಲೆಗಳು ಹುಟ್ಟುವ ಪುಟ್ಟ ಭಾಗವಿದೆ. ಅಲ್ಲಿ ಜೀವಕೋಶಗಳು ಪದರಪದರವಾಗಿ ಜೋಡಿಸಿಕೊಂಡಿರುತ್ತವೆ. ಬಣ್ಣದ ಪಟ್ಟೆಯ ಯುಕ್ಕಾಗಳಲ್ಲಿ ಇವುಗಳ ಪೈಕಿ ಒಂದು ಪದರಕ್ಕೆ ಹಸಿರು ವಸ್ತು ತಯಾರಿಸುವ ಶಕ್ತಿ ಇಲ್ಲ. ಎಲೆ ರೂಪುಗೊಳ್ಳುವಾಗ ಹೊರಪದರ ಅಂಚಾಗಿಯೂ ಒಳಪದರ ನಡುಭಾಗವಾಗಿಯೂ ಬೆಳೆಯುತ್ತದೆ. ಹಸಿರಿಲ್ಲದ್ದು ಹೊರಪದರವಾದರೆ ನಿಮ್ಮ ಗಿಡದಂತೆ ಅಂಚು ಹಳದಿಯಾಗುತ್ತದೆ. ಒಳಪದರವಾದರೆ ‘ಕಲರ್ ಗಾರ್ಡ್’ನಂತೆ ನಡುವೆ ಹಳದಿ, ಅಂಚಿಗೆ ಹಸಿರು. ಅಂದರೆ ಹಳದಿ ಪಟ್ಟೆ ಎಂಬುದು ಎರಡು ಬಗೆಯ ಅಂಗಾಂಶ ಒಂದೇ ಸುಳಿಯಲ್ಲಿ ಒಟ್ಟಿಗೆ ಬಾಳುತ್ತಿರುವುದರ ಗುರುತು. ನೀವು ಕೇಳಿದ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ಇಲ್ಲೇ ಇದೆ.

ಎಪ್ಸಮ್ ಉಪ್ಪು ಅಂದರೆ ಮೆಗ್ನೀಸಿಯಮ್ ಸಲ್ಫೇಟ್. ಮೆಗ್ನೀಸಿಯಮ್ ಹಸಿರು ವಸ್ತುವಿನ ಒಂದು ಭಾಗ. ಅದು ಕಡಿಮೆಯಾದರೆ ಹಳೆಯ ಎಲೆಗಳು ಗೆರೆಗಳ ನಡುವೆ ಮಾಸಿದಂತೆ ಹಳದಿಯಾಗುತ್ತವೆ, ಅಂಚಿಗೆ ಅಚ್ಚುಕಟ್ಟಾದ ಪಟ್ಟೆ ಬರುವುದಿಲ್ಲ. ಯಾವ ಉಪ್ಪೂ, ಯಾವ ಗೊಬ್ಬರವೂ ಸುಳಿಯ ಪದರಗಳ ಜೋಡಣೆಯನ್ನು ಬದಲಿಸಲಾರದು. ಕೊರತೆಯೇ ಇಲ್ಲದ ಮಣ್ಣಿಗೆ ಹಾಕಿದ ಉಪ್ಪು ಬೇರಿನ ಸುತ್ತ ಸೇರಿ ಎಲೆಯ ತುದಿ ಸುಡುತ್ತದೆ, ಅಷ್ಟೇ.

ಹಸಿರು ಮರಿ, ಬಿಳಿ ಮರಿ

ಯುಕ್ಕಾದ ಬೇರು, ನೆಲದೊಳಗಿನ ದಪ್ಪ ಗೆಡ್ಡೆ, ಕಾಂಡದ ಬುಡ ಎಲ್ಲ ಕಡೆಯಿಂದಲೂ ಮರಿ ಏಳಬಹುದು. ಹಸಿರು ಪದರದ ಕೋಶಗಳಿಂದ ಮಾತ್ರ ಹುಟ್ಟಿದ ಮರಿ ಪೂರ್ತಿ ಹಸಿರು, ಹಸಿರಿಲ್ಲದ ಪದರದಿಂದ ಮಾತ್ರ ಹುಟ್ಟಿದ್ದು ಪೂರ್ತಿ ಕೆನೆಬಣ್ಣ. ಎರಡೂ ಪದರ ಸರಿಯಾದ ಕ್ರಮದಲ್ಲಿ ಸೇರಿದ ಮೊಗ್ಗಿನಿಂದ ಬಂದ ಮರಿಗೆ ಮಾತ್ರ ತಾಯಿಯಂಥ ಅಂಚು ಬರುತ್ತದೆ. ನಿಮ್ಮ ಗಿಡ ಒಂದೇ ವರ್ಷದಲ್ಲಿ ಮೊದಲ ಎರಡೂ ಬಗೆಯನ್ನು ತೋರಿಸಿದೆ.

ಹಸಿರು ಮರಿ ಬೇಗ ದೊಡ್ಡದಾಗುವುದು ಸಹಜ. ಅದರ ಎಲೆಯ ಪೂರ್ತಿ ಅಗಲವೂ ಆಹಾರ ತಯಾರಿಸುತ್ತದೆ, ತಾಯಿಗಿಡದಲ್ಲಿ ಆ ಕೆಲಸ ನಡುಪಟ್ಟೆಯದ್ದು ಮಾತ್ರ. ಬಿಟ್ಟರೆ ಎರಡು ಮೂರು ವರ್ಷದಲ್ಲಿ ಬೆಳಕನ್ನೂ ನೀರನ್ನೂ ಅದೇ ಹಿಡಿದುಕೊಂಡು ಹಳದಿ ಅಂಚಿನ ತಲೆಯನ್ನು, ಅಂದರೆ ಕಾಂಡದ ತುದಿಯ ಎಲೆಗುಂಪನ್ನು, ಮರೆಮಾಡುತ್ತದೆ. ‘ನಮ್ಮ ಗಿಡ ಬಣ್ಣ ಕಳೆದುಕೊಂಡಿತು’ ಎಂದು ಬರುವ ದೂರುಗಳಲ್ಲಿ ಹೆಚ್ಚಿನವು ಹೀಗೆ ಆದವು. ಗಿಡ ಬಣ್ಣ ಬದಲಿಸಿರುವುದಿಲ್ಲ, ಹಸಿರು ಮರಿ ಅದರ ಜಾಗಕ್ಕೆ ಬಂದಿರುತ್ತದೆ.

ತೆಗೆಯುವುದು ಹೀಗೆ. ಮರಿಯ ಸುತ್ತ ಮಣ್ಣು ಕೆದರಿ ಅದು ಎಲ್ಲಿ ಹುಟ್ಟಿದೆ ಎಂದು ನೋಡಿ. ನೆಲಮಟ್ಟಕ್ಕೆ ಕೊಯ್ದರೆ ಕೆಳಗೆ ಉಳಿದ ಮೊಗ್ಗು ಮತ್ತೆ ಎರಡಾಗಿ ಏಳುತ್ತದೆ, ಆದ್ದರಿಂದ ಹುಟ್ಟಿದ ಜಾಗದಲ್ಲೇ ಚೂಪು ಚಾಕುವಿನಿಂದ ಬುಡಸಮೇತ ಕತ್ತರಿಸಬೇಕು. ಚಾಕುವನ್ನು ಮೊದಲು ಶೇ. 70ರ ಆಲ್ಕೋಹಾಲ್‌ನಿಂದ ಒರೆಸಿ. ಗಾಯ ಒಣಗಲು ಎರಡು ದಿನ ಮಣ್ಣು ಮುಚ್ಚದೆ ಬಿಡಿ, ಆ ದಿನಗಳಲ್ಲಿ ನೀರು ಬೇಡ.

ಕೆನೆಬಣ್ಣದ ಮರಿ ಚೆಂದವಾಗಿ ಕಾಣುತ್ತದೆ, ಬೇರ್ಪಡಿಸಿ ಬೆಳೆಸುವ ಆಸೆಯೂ ಆಗುತ್ತದೆ. ಅದು ಬದುಕುವುದಿಲ್ಲ. ತನ್ನ ಆಹಾರವನ್ನು ತಾನೇ ಮಾಡಿಕೊಳ್ಳಲಾರದ ಮರಿ ತಾಯಿಗೆ ಅಂಟಿಕೊಂಡಿರುವಷ್ಟು ದಿನ ಮಾತ್ರ ಉಳಿಯುತ್ತದೆ. ತಾಯಿಗಿಡ ಗಟ್ಟಿಯಾಗಿದ್ದರೆ ಹಾಗೇ ಬಿಡಬಹುದಿತ್ತು. ಸದ್ಯ ನಿಮ್ಮ ಗಿಡ ಬಳಲಿದೆ, ಇದನ್ನೂ ತೆಗೆಯಿರಿ.

ಮುಂದೆ ಎಂದಾದರೂ ತಾಯಿಗಿಡದ ಸುಳಿಯಲ್ಲೇ ಹಸಿರು ಎಲೆಗಳು ಬರತೊಡಗಿದರೆ ಅವಸರಪಡಬೇಡಿ. ಎಲೆಯನ್ನು ಸೂರ್ಯನ ಬೆಳಕಿಗೆ ಎದುರಾಗಿ ಹಿಡಿದು ನೋಡಿ. ಮಂಕಾಗಿಯಾದರೂ ಪಟ್ಟೆಯ ಗಡಿ ಕಂಡರೆ ಅದು ನೆರಳಿನ ಪರಿಣಾಮ, ಬಿಸಿಲು ಸಿಕ್ಕರೆ ಮುಂದಿನ ಎಲೆಗಳು ಸರಿಯಾಗುತ್ತವೆ. ಹೊಸದರಲ್ಲಿ ಗಾಢ ಹಳದಿಯಾಗಿದ್ದ ಅಂಚು ಎಲೆ ಹಳತಾದಂತೆ ಕೆನೆಬಣ್ಣಕ್ಕೆ ತಿರುಗುವುದೂ ಸಹಜವೇ. ಗಡಿಯೇ ಇಲ್ಲದ ಎಲೆಗಳು ಸಾಲಾಗಿ ನಾಲ್ಕೈದು ಬಂದರೆ ಮಾತ್ರ ಸುಳಿ ಬದಲಾಗಿದೆ ಎಂದರ್ಥ. ಆಗ ಪಟ್ಟೆ ಚೆನ್ನಾಗಿರುವ ಕೊನೆಯ ಎಲೆಯ ಮಟ್ಟಕ್ಕೆ ಕಾಂಡವನ್ನು ಕತ್ತರಿಸಿದರೆ, ಆ ಎಲೆಗಳ ಬುಡದ ಮೊಗ್ಗುಗಳು ಬಣ್ಣದ ಚಿಗುರು ಕೊಡುವ ಸಾಧ್ಯತೆ ಇದೆ. ಇದು ಖಚಿತವಲ್ಲ. ಬಂದ ಚಿಗುರುಗಳಲ್ಲಿ ಹಸಿರಿನವನ್ನು ಕಿತ್ತು, ಪಟ್ಟೆಯಿರುವುದನ್ನು ಉಳಿಸಿಕೊಳ್ಳಬೇಕಾಗುತ್ತದೆ.

ಎಲೆ ಕಂದಾಗಲು ಕಾರಣ

ಯುಕ್ಕಾ ಮರುಭೂಮಿಯ ಗಿಡ, ಅದಕ್ಕೆ ನೀರೇ ಬೇಡ ಎಂಬ ಮಾತು ಅರ್ಧ ಮಾತ್ರ ನಿಜ. ನಲವತ್ತಕ್ಕೂ ಹೆಚ್ಚು ಜಾತಿಗಳಿರುವ ಈ ಕುಲದಲ್ಲಿ ಮರುಭೂಮಿಯವೂ ಇವೆ. ಗ್ಲೋರಿಯೋಸಾ ಹಾಗಲ್ಲ. ಅಲೋಯ್‌ಫೋಲಿಯಾ ಮತ್ತು ಫಿಲಮೆಂಟೋಸಾಗಳ ಸಹಜ ಮಿಶ್ರತಳಿಯಾದ ಇದರ ಹುಟ್ಟುನೆಲ ಅಮೆರಿಕದ ಆಗ್ನೇಯ ಕರಾವಳಿಯ ಮರಳುದಿಬ್ಬಗಳು. ಅಲ್ಲಿ ಮಳೆ ಧಾರಾಳ, ಆದರೆ ಬಿದ್ದ ನೀರು ಮರಳಲ್ಲಿ ಕ್ಷಣದಲ್ಲೇ ಇಳಿದುಹೋಗುತ್ತದೆ. ಈ ಗಿಡಕ್ಕೆ ಬೇಕಾಗಿರುವುದು ಬರವಲ್ಲ, ಬೇರಿಗೆ ಗಾಳಿ. ಅಂಟುಮಣ್ಣಿನಲ್ಲಿ ದಿನವೂ ನೀರು ಬಿದ್ದರೆ ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರು ತುಂಬಿ ಬೇರಿನ ತುದಿಗಳು ಸಾಯುತ್ತವೆ. ಬೇರು ಸತ್ತ ಗಿಡಕ್ಕೆ ನೀರು ಎಳೆದುಕೊಳ್ಳಲಾಗದು. ನೀರಲ್ಲೇ ನಿಂತಿದ್ದರೂ ಎಲೆ ಒಣಗುತ್ತದೆ. ಒಣಗಿದೆ ಎಂದು ಮನೆಯವರು ಇನ್ನಷ್ಟು ಹಾಕುತ್ತಾರೆ, ಯುಕ್ಕಾ ಸಾಯುವುದು ಹೆಚ್ಚಾಗಿ ಹೀಗೆ.

ನಿಮ್ಮ ಗಿಡದಲ್ಲಿ ಕಂದುಬಣ್ಣ ಮೂರು ಬಗೆಯದ್ದು. ಅತಿ ಕೆಳಗಿನ ಎಲೆಗಳು ವರ್ಷಕ್ಕೆ ಕೆಲವು ಒಣಗಿ ಕಾಂಡಕ್ಕೆ ಅಂಟಿ ಜೋತುಬೀಳುವುದು ವಯಸ್ಸಿನಿಂದ, ಅದಕ್ಕೆ ಚಿಂತೆ ಬೇಡ. ಒಂದೇ ತಿಂಗಳಲ್ಲಿ ಮೇಲಿನ ಸುತ್ತಿನವೂ ಹಳದಿಯಾಗಿ ಮೆತ್ತಗಾದರೆ ಮಾತ್ರ ಬೇರು ಕೊಳೆಯುತ್ತಿದೆ ಎಂದರ್ಥ. ತುದಿ ಒಣಗುವುದು ಬೇರಿನ ಬಳಲಿಕೆಯಿಂದ, ಇಲ್ಲವೇ ನೀರಲ್ಲಿರುವ ಲವಣದಿಂದ. ಎಲೆಗೆ ಏರಿದ ಲವಣ ಕೊನೆಗೆ ಸೇರುವುದು ತುದಿಯಲ್ಲಿ. ಯುಕ್ಕಾಗೆ ಫ್ಲೋರೈಡ್ ಕೂಡ ಆಗಿಬರುವುದಿಲ್ಲ, ಆದ್ದರಿಂದ ಫ್ಲೋರೈಡ್ ಸೇರಿರುವ ಸೂಪರ್ ಫಾಸ್ಫೇಟ್ ಗೊಬ್ಬರ ಇದಕ್ಕೆ ಬೇಡ. ಹಸಿರಿಲ್ಲದ ಅಂಚು ನಡುಭಾಗಕ್ಕಿಂತ ಬೇಗ ಸುಡುತ್ತದೆ ಎಂಬುದನ್ನೂ ನೆನಪಿಡಿ, ಹಸಿರು ಯುಕ್ಕಾ ತಡೆದುಕೊಳ್ಳುವ ತಪ್ಪುಗಳನ್ನು ಇದು ತಡೆದುಕೊಳ್ಳುವುದಿಲ್ಲ. ಒಣಗಿದ ತುದಿಯನ್ನು ಕತ್ತರಿಸುವಾಗ ಒಂದೆರಡು ಮಿ.ಮೀ. ಒಣಭಾಗ ಉಳಿಸಿಯೇ ಕತ್ತರಿಸಿ. ಹಸಿಭಾಗಕ್ಕೆ ಕತ್ತರಿ ಇಟ್ಟರೆ ಅಲ್ಲಿಂದ ಮತ್ತೆ ಒಣಗುತ್ತದೆ.

ಉಂಗುರದ ಮಚ್ಚೆ ಶಿಲೀಂಧ್ರದ್ದು. ಅದರ ಬೀಜಕಣ ಮೊಳೆಯಲು ಎಲೆಯ ಮೇಲೆ ಗಂಟೆಗಟ್ಟಲೆ ನೀರು ನಿಲ್ಲಬೇಕು, ಸ್ಪ್ರಿಂಕ್ಲರ್ ಅದನ್ನು ದಿನವೂ ಒದಗಿಸುತ್ತಿದೆ. ಮಚ್ಚೆ ಹೆಚ್ಚಿರುವ ಎಲೆಗಳನ್ನು ಬುಡದಲ್ಲೇ ಕತ್ತರಿಸಿ ತೋಟದಿಂದ ಆಚೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಎಲೆ ಒಣಗಿರತೊಡಗಿದರೆ ಹೊಸ ಎಲೆಗಳಿಗೆ ಮಚ್ಚೆ ಬರುವುದು ನಿಲ್ಲುತ್ತದೆ. ತಾಮ್ರದ ಶಿಲೀಂಧ್ರನಾಶಕ ಹೊಸ ಸೋಂಕನ್ನು ತಡೆಯಬಲ್ಲದು, ಆಗಲೇ ಬಂದ ಮಚ್ಚೆಯನ್ನು ಅಳಿಸಲಾರದು. ನೀರಿನ ದಾರಿ ಬದಲಿಸದೆ ಸಿಂಪಡಿಸಿದರೆ ಹಣ ದಂಡ.

ಇವತ್ತೇ ಮಾಡಬೇಕಾದ ಪರೀಕ್ಷೆ ಒಂದಿದೆ. ಕಾಂಡದ ಬುಡವನ್ನು ಹೆಬ್ಬೆರಳಿಂದ ಒತ್ತಿ ನೋಡಿ, ಗಟ್ಟಿಯಾಗಿದ್ದರೆ ಗಿಡ ಉಳಿಯುತ್ತದೆ. ಮೆತ್ತಗಾಗಿ ದುರ್ವಾಸನೆ ಬಂದರೆ ಬುಡ ಕೊಳೆತಿದೆ, ತಲೆಯನ್ನು ಕತ್ತರಿಸಿ ಬೇರು ಬರಿಸುವುದೊಂದೇ ದಾರಿ. ಆಮೇಲೆ ಕೈಗವಸು ಹಾಕಿ ತಲೆಯನ್ನು ಮೆಲ್ಲಗೆ ಅಲ್ಲಾಡಿಸಿ. ಕಾಂಡ ಗಟ್ಟಿಯಿದ್ದೂ ತಲೆ ಸಡಿಲವಾಗಿ ಆಡಿದರೆ ಒಳಗೆ ಮೂತಿಹುಳದ ಮರಿಗಳು ಕೊರೆಯುತ್ತಿರಬಹುದು. ಭೂತಾಳೆಯನ್ನು ಕಾಡುವ ಹುಳುವೇ ಯುಕ್ಕಾಗೂ ಬೀಳುತ್ತದೆ. ಹಾಗಿದ್ದರೆ ಆ ಗಿಡವನ್ನು ಉಳಿಸುವ ಯತ್ನ ಬಿಟ್ಟು ಬೇರುಸಮೇತ ತೆಗೆದು ನಾಶಮಾಡುವುದೇ ಸರಿ.

ಹೂ ಬಿಟ್ಟರೆ ಸಾಯುತ್ತದೆಯೇ?

ಈ ಮಾತು ಭೂತಾಳೆಯಿಂದ ಬಂದದ್ದು. ಹೆಚ್ಚಿನ ಭೂತಾಳೆಗಳ ತಲೆ ಒಮ್ಮೆ ಹೂಬಿಟ್ಟು ಸಾಯುತ್ತದೆ. ಗ್ಲೋರಿಯೋಸಾದಲ್ಲಿ ಹೂಗೊನೆ ಬಂದ ಸುಳಿಯ ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ, ಪಕ್ಕದ ಮೊಗ್ಗುಗಳು ಕವಲಾಗಿ ಮುಂದುವರಿಯುತ್ತವೆ. ಫಿಲಮೆಂಟೋಸಾದಲ್ಲಿ ಹೂಬಿಟ್ಟ ತಲೆ ನಿಧಾನವಾಗಿ ಸಾಯುತ್ತದೆ, ಆದರೆ ಅಷ್ಟರಲ್ಲಿ ಸುತ್ತ ಮರಿಗಳಿರುತ್ತವೆ, ಗುಂಪು ಹಾಗೇ ಉಳಿಯುತ್ತದೆ. ಹೂ ಬಾಡಿದ ಮೇಲೆ ಗೊನೆಯ ದಂಟನ್ನು ಬುಡಕ್ಕೆ ಕತ್ತರಿಸಿ. ಹೂಬಿಟ್ಟ ವರ್ಷ ಮರಿಗಳು ಜಾಸ್ತಿ ಏಳುತ್ತವೆ. ಹಸಿರು ಮರಿಗಳ ಮೇಲೆ ಕಣ್ಣಿಡಬೇಕಾದ್ದು ಆಗಲೇ.

ಯುಕ್ಕಾ ತನ್ನ ತವರಿನಾಚೆ ಬೀಜ ಕಟ್ಟುವುದು ಅಪರೂಪ, ಪರಾಗಸ್ಪರ್ಶಕ್ಕೆ ಅದು ನೆಚ್ಚಿಕೊಂಡಿರುವುದು ಟೆಜೆಟಿಕ್ಯುಲಾ ಎಂಬ ಒಂದು ಸಣ್ಣ ಬಿಳಿ ಪತಂಗವನ್ನು. ಹೆಣ್ಣು ಪತಂಗ ಪರಾಗವನ್ನು ಉಂಡೆಕಟ್ಟಿ ತಂದು, ಇನ್ನೊಂದು ಹೂವಿನಲ್ಲಿ ಮೊಟ್ಟೆ ಇಟ್ಟು, ಆ ಪರಾಗವನ್ನು ಅಲ್ಲೇ ತುರುಕುತ್ತದೆ. ಸಸ್ಯವಿಜ್ಞಾನಿ ಜಾರ್ಜ್ ಎಂಗಲ್‌ಮನ್ 1872ರಲ್ಲಿ ಇದನ್ನು ಗುರುತಿಸಿದರು. ಕುಂಚದಿಂದ ಕೈಯಾರೆ ಪರಾಗ ಸೇರಿಸಿ ಬೀಜ ಪಡೆಯಬಹುದು, ಆದರೆ ಬಣ್ಣದ ಅಂಚು ಬೀಜದ ಮೂಲಕ ಇಳಿಯುವುದಿಲ್ಲ. ಸಸಿ ಹಸಿರಾಗಿ ಬರುತ್ತದೆ, ಇಲ್ಲವೇ ಬಿಳಿಯಾಗಿ ಮೊಳೆತು ಸಾಯುತ್ತದೆ.

ಮಗು, ನಾಯಿಮರಿ

ಇಲ್ಲಿ ಜನ ಹೆದರುವುದು ವಿಷಕ್ಕೆ, ಹೆದರಬೇಕಾದ್ದು ತುದಿಗೆ. ಬಿರುಸಾದ ಎಲೆ ಮಗುವಿನ ಕಣ್ಣಿನ ಎತ್ತರದಲ್ಲಿ ನೇರ ಹೊರಚಾಚಿರುತ್ತದೆ. ಎದುರಿಂದ ನೋಡಿದರೆ ಅದು ಚುಕ್ಕೆಯಷ್ಟೇ, ದೊಡ್ಡವರಿಗೂ ಕಾಣುವುದಿಲ್ಲ. ಬುಡದಲ್ಲಿ ಕಳೆ ಕೀಳಲು ಬಾಗಿದವರ ಕಿವಿಗೆ ಎಲೆ ಚುಚ್ಚಿ ತಮಟೆ ಹರಿದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿವೆ. ಕಣ್ಣಿಗೆ ಚುಚ್ಚಿದರೆ ನೋವು ಕಡಿಮೆಯಿದ್ದರೂ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಉಜ್ಜಬಾರದು, ಮನೆಮದ್ದು ಹಾಕಬಾರದು.

ವಿಷದ ಮಾತಿಗೆ ಬಂದರೆ, ಗಿಡದಲ್ಲಿ ನೊರೆಬರಿಸುವ ಸ್ಯಾಪೋನಿನ್ ಎಂಬ ವಸ್ತುವಿದೆ. ಅಗಿದ ನಾಯಿ ಅಥವಾ ಬೆಕ್ಕಿಗೆ ಜೊಲ್ಲು, ವಾಂತಿ, ಭೇದಿ ಆಗಬಹುದು. ಸಾಮಾನ್ಯವಾಗಿ ಕಹಿಯಿಂದಲೇ ಬಿಟ್ಟುಬಿಡುತ್ತವೆ, ಆದರೆ ಮರಿಗಳು ಏನನ್ನಾದರೂ ಅಗಿಯುತ್ತವೆ. ವಾಂತಿ ನಿಲ್ಲದಿದ್ದರೆ ಪಶುವೈದ್ಯರಲ್ಲಿಗೆ ಹೋಗಿ, ಎಲೆಯ ಚೂರನ್ನೂ ಜೊತೆಗೆ ಒಯ್ಯಿರಿ. ಮರಗೆಣಸಿಗೆ ಇಂಗ್ಲಿಷ್‌ನಲ್ಲಿ ‘ಯುಕಾ’ ಎಂಬ ಹೆಸರೂ ಇರುವುದರಿಂದ, ಹೆಸರಿನ ಹೋಲಿಕೆಯಿಂದ ಯುಕ್ಕಾದ ಗೆಡ್ಡೆಯನ್ನು ಮರಗೆಣಸು ಎಂದು ತಿಳಿಯುವವರೂ ಇದ್ದಾರೆ. ಅವೆರಡಕ್ಕೂ ಸಂಬಂಧವೇ ಇಲ್ಲ, ಯುಕ್ಕಾದ ಗೆಡ್ಡೆ ತಿನ್ನುವಂಥದ್ದಲ್ಲ.

ಎಲ್ಲಿಡಬಹುದು, ಏನು ಮಾಡಬಹುದು

ಗಿಡವನ್ನು ಅಲ್ಲೇ ಇಟ್ಟುಕೊಳ್ಳುವುದು ಅಸಾಧ್ಯವಲ್ಲ. ಸ್ಪ್ರಿಂಕ್ಲರ್‌ನ ಮೂತಿ ತಿರುಗಿಸಿ, ಪ್ರತಿ ಎಲೆಯ ತುದಿಯ ಗಟ್ಟಿ ಮುಳ್ಳನ್ನು ಅರ್ಧ ಸೆಂ.ಮೀ.ನಷ್ಟು ಕತ್ತರಿಸಿದರೆ ಸದ್ಯದ ಮಟ್ಟಿಗೆ ನಡೆಯುತ್ತದೆ. ಕತ್ತರಿಸಿದ ಎಲೆಗೆ ಮತ್ತೆ ಮುಳ್ಳು ಬರುವುದಿಲ್ಲ, ಆದರೆ ಹೊಸ ಎಲೆಗಳೆಲ್ಲ ಮುಳ್ಳಿನೊಂದಿಗೇ ಬರುತ್ತವೆ. ಎರಡು ಮೂರು ತಿಂಗಳಿಗೊಮ್ಮೆ ತಪ್ಪದೆ ಕತ್ತರಿಸುತ್ತಿರಬೇಕು. ಈ ಗಿಡ ಮುಂದೆ 2 ಮೀಟರ್ ಎತ್ತರ ಹೋಗಬಹುದು, ಅಡ್ಡವಾಗಿಯೂ ಹರಡುತ್ತದೆ, ದಾರಿಯಿಂದ 40 ಸೆಂ.ಮೀ. ಅದಕ್ಕೆ ಯಾವತ್ತೂ ಸಾಲದು. ಒಂದು ಮರೆವಿಗೆ ಮಗುವಿನ ಕಣ್ಣನ್ನು ಪಣಕ್ಕಿಡುವಂತಾಗುತ್ತದೆ. ನಾನು ಇದನ್ನು ಒಪ್ಪುವುದಿಲ್ಲ.

ಅಲ್ಲಿಂದ ಎತ್ತಿ ಬೇರೆಡೆ ನೆಡುವುದು ಒಳ್ಳೆಯ ದಾರಿ. ಓಡಾಡುವ ಜಾಗದಿಂದ ಕನಿಷ್ಠ ಒಂದೂವರೆ ಮೀಟರ್ ದೂರ, ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ, ಹುಲ್ಲಿನ ನೀರು ತಾಗದ ಜಾಗ ಹುಡುಕಿ. ಅಲ್ಲಿ ನೀರು ಬಸಿಯುತ್ತದೆಯೇ ಎಂದು ಅಳೆಯಿರಿ: 30 ಸೆಂ.ಮೀ. ಆಳ, ಅಷ್ಟೇ ಅಗಲದ ಗುಂಡಿ ತೋಡಿ ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ, ಒಂದು ಗಂಟೆಯಲ್ಲಿ ಎಷ್ಟು ಇಳಿಯಿತು ನೋಡಿ. 5 ಸೆಂ.ಮೀ. ಇಳಿದರೆ ಚೆನ್ನ, 2.5 ಸೆಂ.ಮೀ. ಇಳಿದರೆ ನಡೆಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಗುಂಡಿಯಲ್ಲಿ ನೆಡಬೇಡಿ, 25ರಿಂದ 30 ಸೆಂ.ಮೀ. ಎತ್ತರದ ದಿಬ್ಬ ಕಟ್ಟಿ ಅದರ ಮೇಲೆ ನೆಡಿ. ಅಂಟುಮಣ್ಣಿನಲ್ಲಿ ಗುಂಡಿ ತೋಡಿ ಅದಕ್ಕೆ ಮರಳು, ಜಲ್ಲಿ ತುಂಬುವುದು ಬಹಳ ಜನ ಮಾಡುವ ತಪ್ಪು. ಸುತ್ತಲಿನ ನೀರೆಲ್ಲ ಆ ಸಡಿಲ ಗುಂಡಿಗೆ ಬಂದು ಸೇರಿ, ಹೊರಹೋಗಲಾರದೆ ತೊಟ್ಟಿಯಂತೆ ನಿಲ್ಲುತ್ತದೆ. ಕುಂಡದ ತಳಕ್ಕೆ ಜಲ್ಲಿ ಹಾಸಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆಯೂ ತಪ್ಪೇ. ನುಣ್ಣನೆಯ ಮಣ್ಣಿನ ನೀರು ಜಲ್ಲಿಗೆ ಸುಲಭವಾಗಿ ಇಳಿಯದೆ ಅದರ ಮೇಲೆಯೇ ನಿಂತು ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ತಳದಲ್ಲಿ ತೂತಿದ್ದು, ಮಣ್ಣಿನ ಮಿಶ್ರಣವೇ ಸಡಿಲವಾಗಿದ್ದರೆ ಸಾಕು.

ಎತ್ತುವ ಕೆಲಸಕ್ಕೆ ಬಿಸಿ ಏರುತ್ತಿರುವ, ಎಡೆಬಿಡದ ಮಳೆ ಇಲ್ಲದ ಕಾಲ ಆರಿಸಿ. ಚಳಿಯಲ್ಲಿ ಹೊಸ ಬೇರು ಬಾರದು, ಜಡಿಮಳೆಯಲ್ಲಿ ಗಾಯ ಕೊಳೆಯುತ್ತದೆ. ಅದಕ್ಕಿಂತ ವಾರ ಮೊದಲೇ ನೀರು ನಿಲ್ಲಿಸಿ. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಚರ್ಮದ ಗವಸು ಹಾಕಿಕೊಂಡು ಎಲೆಗಳನ್ನೆಲ್ಲ ಮೇಲಕ್ಕೆ ಒಟ್ಟುಮಾಡಿ ಗೋಣಿಯಿಂದ ಸುತ್ತಿ ಹಗ್ಗ ಕಟ್ಟಿ. ಕಾಂಡದಿಂದ 35 ಸೆಂ.ಮೀ. ದೂರದಲ್ಲಿ ಸುತ್ತ 40 ಸೆಂ.ಮೀ. ಆಳಕ್ಕೆ ಅಗೆದು, ಹಾರೆಯಿಂದ ಮೀಟಿ ಎತ್ತಿ. ಕಪ್ಪಾಗಿ ಲೊಳಲೊಳ ಎನ್ನುವ ಬೇರುಗಳನ್ನು ಗಟ್ಟಿ ಭಾಗದವರೆಗೆ ಕತ್ತರಿಸಿ. ಹಸಿರು ಮರಿ, ಬಿಳಿ ಮರಿ ತೆಗೆಯಲೂ ಇದೇ ಸರಿಯಾದ ಹೊತ್ತು, ಹುಟ್ಟಿದ ಜಾಗ ಕಣ್ಣೆದುರೇ ಇರುತ್ತದೆ. ಎರಡು ಮೂರು ದಿನ ನೆರಳಲ್ಲಿಟ್ಟು ಗಾಯ ಒಣಗಿದ ಮೇಲೆ ಮೊದಲಿದ್ದ ಆಳಕ್ಕೇ ನೆಡಿ. ಒಂದಿಂಚು ಆಳ ಹೆಚ್ಚಾದರೂ ಬುಡ ಕೊಳೆಯುವ ಭಯ. ನೆಟ್ಟ ವಾರದ ನಂತರ ಮೊದಲ ನೀರು ಹಾಕಿ, ಸುಮಾರು 10 ಲೀಟರ್, ನಿಧಾನವಾಗಿ, ಬುಡದ ಸುತ್ತ. ಮೊದಲ ವರ್ಷ ಮಳೆಯಿಲ್ಲದ ದಿನಗಳಲ್ಲಿ ವಾರಕ್ಕೊಮ್ಮೆ ಇಷ್ಟು, ಆಮೇಲೆ ಒಣಕಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ. ನೆರಳಲ್ಲಿ ಬೆಳೆದ ಗಿಡವಾದರೆ ಬಿಸಿಲಿಗೆ ಒಮ್ಮೆಲೇ ಒಡ್ಡಬಾರದು, ಎರಡು ಮೂರು ವಾರ ಮಧ್ಯಾಹ್ನದ ಹೊತ್ತು ಬಟ್ಟೆಯ ನೆರಳು ಬೇಕು.

ನೆಲದಲ್ಲಿ ಸರಿಯಾದ ಜಾಗವೇ ಇಲ್ಲದಿದ್ದರೆ 40ರಿಂದ 45 ಸೆಂ.ಮೀ. ಅಗಲದ ಭಾರವಾದ ಕುಂಡಕ್ಕೆ ಹಾಕಬಹುದು. ಎರಡು ಪಾಲು ದಪ್ಪ ಮರಳು, ಒಂದು ಪಾಲು ತೋಟದ ಮಣ್ಣು, ಒಂದು ಪಾಲು ಕಳಿತ ಗೊಬ್ಬರದ ಮಿಶ್ರಣ ಹಿಡಿಸುತ್ತದೆ. ಮೇಲಿನ 5 ಸೆಂ.ಮೀ. ಒಣಗಿದ ಮೇಲಷ್ಟೇ ನೀರು, ತಟ್ಟೆಯಲ್ಲಿ ನೀರು ನಿಲ್ಲಬಾರದು. ಎತ್ತರದ ಗಿಡ ಗಾಳಿಗೆ ಮಗುಚುತ್ತದೆ, ಆದ್ದರಿಂದ ಹಗುರ ಪ್ಲಾಸ್ಟಿಕ್ ಕುಂಡ ಬೇಡ.

ಇನ್ನೊಂದು ದಾರಿ, ಮಗು ದೊಡ್ಡದಾಗುವವರೆಗೆ ಈ ಗಿಡವನ್ನು ಬೇರೆಯವರಿಗೆ ಕೊಟ್ಟು ಹಳದಿ ಪಟ್ಟೆಯ ಫಿಲಮೆಂಟೋಸಾ ಹಾಕುವುದು. ಅದರ ಎಲೆ ಬಾಗುತ್ತದೆ, ತುದಿಯೂ ಇಷ್ಟು ಕಟುವಲ್ಲ, ಎಲೆಗುಂಪು ಒಂದು ಮೀಟರ್ ದಾಟುವುದಿಲ್ಲ, ಕೊರೆಯುವ ಚಳಿಯನ್ನೂ ತಾಳುತ್ತದೆ. ಪೂರ್ತಿ ನಿರಪಾಯ ಎಂದು ಮಾತ್ರ ಹೇಳಲಾರೆ, ಬೀಳುವ ಮಗುವಿಗೆ ಅದೂ ಚುಚ್ಚುತ್ತದೆ.

ತೋಟದಲ್ಲಿ ಇದರ ಚೆಲುವು ಹೊಮ್ಮಿಸಲು ದೊಡ್ಡ ಏರ್ಪಾಡು ಬೇಡ. ಹಿಂದೆ ಗಾಢ ಹಸಿರಿನ ಪೊದೆಯಿದ್ದರೆ ಹಳದಿ ಎದ್ದು ಕಾಣುತ್ತದೆ, ಬಿಳಿ ಗೋಡೆಯ ಮುಂದೆ ಮಸುಕಾಗುತ್ತದೆ. ಸುತ್ತ ಮೆತ್ತನೆಯ, ನೀರು ಕಡಿಮೆ ಬೇಡುವ ಹುಲ್ಲುಜಾತಿ ಹಾಕಿದರೆ ಬಿರುಸು ಗೆರೆಗೆ ಜೊತೆ ಸಿಗುತ್ತದೆ, ಜನ ಬುಡಕ್ಕೆ ಬಾರದಂತೆ ಬೇಲಿಯೂ ಆದಂತಾಗುತ್ತದೆ. ಬಣ್ಣದ ಎಲೆಯ ಗಿಡಗಳನ್ನು ಮೂರ್ನಾಲ್ಕು ಬಗೆ ಒಟ್ಟಿಗೆ ಹಾಕಿದರೆ ಯಾವುದೂ ಕಣ್ಣಿಗೆ ನಿಲ್ಲದು, ಒಂದೇ ಸಾಕು. ಬುಡಕ್ಕೆ ತರಗೆಲೆಯ ಮುಚ್ಚಿಗೆ ಬೇಡ, ತೇವ ಹಿಡಿಯುತ್ತದೆ. 3 ಸೆಂ.ಮೀ. ದಪ್ಪ ಜಲ್ಲಿ ಹರಡಿ, ಕಾಂಡಕ್ಕೆ ತಾಗದಂತೆ. ಗೊಬ್ಬರ ವರ್ಷಕ್ಕೊಮ್ಮೆ ಬೆಳವಣಿಗೆಯ ಆರಂಭದಲ್ಲಿ, ನಿಧಾನವಾಗಿ ಕರಗುವಂಥದ್ದು, ಒಂದು ಹಿಡಿಗಿಂತ ಕಡಿಮೆ. ಸಾರಜನಕ ಜಾಸ್ತಿಯಾದರೆ ಎಲೆ ಮೆತ್ತಗಾಗಿ ರೋಗಕ್ಕೆ ಸಿಗುತ್ತದೆ, ಹಸಿರು ಮರಿಗಳೂ ಕೊಬ್ಬುತ್ತವೆ.

ಇನ್ನಷ್ಟು ಗಿಡ ಮಾಡಿಕೊಳ್ಳುವ ಆಸೆಯಿದ್ದರೆ ಬೇರಿನ ತುಂಡು ನೆಡಬೇಡಿ. ಹಸಿರು ಯುಕ್ಕಾಗೆ ಅದು ಸುಲಭದ ವಿಧಾನ, ಆದರೆ ಅಂಚಿನ ಬಣ್ಣದ ಗಿಡದಲ್ಲಿ ಬೇರಿನಿಂದ ಹೊಸದಾಗಿ ಹುಟ್ಟುವ ಮೊಗ್ಗು ಹೆಚ್ಚಾಗಿ ಹಸಿರೇ. ಈಗಾಗಲೇ ಪಟ್ಟೆ ತೋರಿಸುತ್ತಿರುವ, ನಾಲ್ಕೈದು ಎಲೆಯಾದ ಮರಿಯನ್ನು ಬೇರು ಸಮೇತ ಬಿಡಿಸಿ ನೆಡಿ. ಕಾಂಡ ಉದ್ದವಾದ ಮೇಲೆ 20 ಸೆಂ.ಮೀ. ಕಾಂಡ ಸೇರಿಸಿ ತಲೆಯನ್ನು ಕತ್ತರಿಸಿ, ಕೆಳಗಿನ ಎಲೆ ಬಿಡಿಸಿ, ಐದಾರು ದಿನ ಒಣಗಿಸಿ, ಮೇಲೆ ಹೇಳಿದ ಮಿಶ್ರಣದಲ್ಲಿ ನೆಟ್ಟರೂ ಆಯಿತು. ಬೆಚ್ಚನೆಯ ಕಾಲದಲ್ಲಿ ಎರಡು ತಿಂಗಳೊಳಗೆ ಬೇರು ಕಚ್ಚುತ್ತದೆ. ಅಲ್ಲಿಯವರೆಗೆ ಮಣ್ಣು ತುಸು ತೇವವಿದ್ದರೆ ಸಾಕು, ಎಳೆದು ನೋಡಬೇಡಿ.

ಹಳೆಯ ಗುಂಡಿಯನ್ನು ಮುಚ್ಚಿ ಮರೆಯಬೇಡಿ. ಎಷ್ಟು ಜಾಗ್ರತೆಯಿಂದ ಅಗೆದರೂ ಗೆಡ್ಡೆಯ ತುಂಡುಗಳು ಒಳಗೆ ಉಳಿಯುತ್ತವೆ, ತಿಂಗಳುಗಳ ನಂತರ ಅಲ್ಲಿಂದ ಮತ್ತೆ ಯುಕ್ಕಾ ಏಳುತ್ತದೆ, ಬಹುತೇಕ ಹಸಿರು. ಮೇಣದ ಹೊದಿಕೆಯ ಎಲೆಗೆ ಕಳೆನಾಶಕ ಸರಿಯಾಗಿ ಇಳಿಯುವುದಿಲ್ಲ. ಚಿಗುರು ಬೆರಳುದ್ದ ಇರುವಾಗಲೇ ಸಲಿಕೆ ಹಾಕಿ ತುಂಡನ್ನು ಹೊರತೆಗೆಯಿರಿ. ಕಾಲುದಾರಿಯ ಪಕ್ಕದ ಆ ಜಾಗವನ್ನು ಎರಡು ವರ್ಷವಾದರೂ ಹೀಗೆ ಗಮನಿಸುತ್ತಿರಬೇಕಾಗುತ್ತದೆ.